ಗುಳ್ಳವ್ವನ ಹಿಂದೆ ಹೋದ ತಿಪ್ಪವ್ವ

ಆಷಾಢದ ಮೊದಲ ಮಂಗಳವಾರ ದುರಗವ್ವ ಮೊಮ್ಮಗಳನ್ನು ಹೊಸ್ತಿಲಲ್ಲೇ ತಡೆದಳು. ಹದಿಮೂರರ ಸುಶೀಲವ್ವನ ತಲೆಯ ಮೇಲೆ ಮಣೆ, ಮಣೆಯ ಮೇಲೆ ಕೆರೆಮಣ್ಣಿನಲ್ಲಿ ಮಾಡಿ ಗುಲಗಂಜಿ ಒತ್ತಿದ ಗುಳ್ಳವ್ವನ ಮೂರ್ತಿ. ಓಣಿಯ ಹುಡುಗಿಯರು ಹೊರಗೆ ಕಾಯುತ್ತಿದ್ದರು. ಆಷಾಢದ ಪ್ರತಿ ಮಂಗಳವಾರ ಹೊಸ ಗುಳ್ಳವ್ವನನ್ನು ಹೊತ್ತು ಮನೆಮನೆಗೆ ಹೋಗಿ ಹಾಡುವುದು, ಅವರು ನೀಡಿದ ಕಾಳು ಬೆಲ್ಲ ಕೂಡಿಸುವುದು, ಮರುದಿನ ಹಳ್ಳದ ದಂಡೆಯಲ್ಲಿ ಉಂಡು ಗುಳ್ಳವ್ವನನ್ನು ನೀರಿಗೆ ಬಿಡುವುದು, ಇದು ಹುಡುಗಿಯರದೇ ಹಬ್ಬ.

“ಸೀರಿ ಉಡೋ ವಯಸ್ಸಿನಾಕಿ ಮಂದಿ ಬಾಗಲಾಗ ನಿಂತು ಕಾಳು ಬೇಡತಾಳೇನು? ಸಣ್ಣವರು ಬೇಡಿದ್ರ ಚಂದ. ಹಾನಗಲ್ಲಿಂದ ಕನ್ಯಾ ನೋಡಾಕ ಬರೋ ಮಂದಿ ಕೇಳಿದ್ರ ಏನಂದಾರು?” ಎಂದಳು ದುರಗವ್ವ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ, ಹುಡುಗಿಯ ತಾಯಿ ತಿಪ್ಪವ್ವನ ಕೈ ನಿಂತಿತು. ಅವಳು ಈ ಮನೆಗೆ ಬಂದಾಗ ಇನ್ನೂ ಹಾಲುಹಲ್ಲು ಬೀಳುತ್ತಿದ್ದವು. ಆ ವರ್ಷದ ಆಷಾಢದಲ್ಲಿ ಹುಡುಗಿಯರ ಹಾಡು ಓಣಿಯಲ್ಲಿ ಹಾದು ಹೋದಾಗ ಕಂಬ ಹಿಡಿದು ಅತ್ತಿದ್ದಳು. “ಸೊಸಿ ಆದಾಕಿಗೆ ಎಲ್ಲೀ ಗುಳ್ಳವ್ವ?” ಎಂದು ಅತ್ತೆ ಬೀಸುಕಲ್ಲಿನ ಮುಂದೆ ಕೂರಿಸಿದ್ದಳು. ಕೆಟ್ಟ ಮನಸ್ಸಿನಿಂದಲ್ಲ, ದುರಗವ್ವನೂ ತನ್ನ ಅತ್ತೆಯಿಂದ ಅದನ್ನೇ ಕೇಳಿದ್ದಳು.

ತಿಪ್ಪವ್ವ ಕೈ ತೊಳೆದು ಸೆರಗು ಹೊದ್ದು ಹೊರಗೆ ಬಂದಳು.

“ಅತ್ತೀ, ಆಕಿನ್ನ ಒಬ್ಬಾಕಿನ್ನ ಕಳಸೂದು ಬ್ಯಾಡ. ನಾನೂ ಹೋಗ್ತೇನ್ರಿ.”

“ಹುಚ್ಚು ಹಿಡದೈತೇನು ನಿನಗ?”

“ಆಕಿಗೆ ವಯಸ್ಸಾತು ಅಂದ್ರ ನನಗೂ ಆಗೇತಿ. ಬೈಯೂದಿದ್ರ ಇಬ್ಬರಿಗೂ ಕೂಡೇ ಬೈರಿ.”

ಅಂದದ್ದೇನೋ ಅಂದಳು, ಓಣಿಗೆ ಇಳಿದ ಮೇಲೆ ಹುಡುಗಿಯರ ಹಿಂದೆಯೇ ಉಳಿದಳು. ಮೊದಲೆರಡು ಮನೆಗಳಲ್ಲಿ ಹುಡುಗಿಯರು ಹಾಡಿದರು, ಅವಳು ಬರೀ ತುಟಿ ಆಡಿಸಿದಳು. ಗೌಡರ ಮನೆಯ ಹಿರಿಸೊಸೆ ಮೊರದಲ್ಲಿ ಜೋಳ ತಂದವಳು ಇವಳನ್ನು ಕಂಡು ನಕ್ಕಳು.

“ಏನವಾ ತಿಪ್ಪವ್ವಾ, ನಿನಗೂ ನೀಡಬೇಕೇನು? ವಯಸ್ಸೆಷ್ಟು ನಿಂದು?”

ಹುಡುಗಿಯರೆಲ್ಲ ತಿರುಗಿ ನೋಡಿದರು. ತಿಪ್ಪವ್ವನ ಮುಖ ಕೆಂಪಾಯಿತು. ಆದರೂ ಮಾತು ತಾನಾಗಿಯೇ ಬಾಯಿಗೆ ಬಂತು.

“ಗುಳ್ಳವ್ವನ ವಯಸ್ಸು ಕೇಳ್ರಿ ಅಕ್ಕಾ. ನಿನ್ನೆ ಸಂಜಿಕೆ ಹುಟ್ಯಾಳ. ನಾವು ಹೊತ್ತು ತಿರಗೋ ಮಂದಿ ಅಷ್ಟ.”

ಗೌಡರ ಸೊಸೆ ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದಳು. ಮೊರದ ಜೋಳವನ್ನೆಲ್ಲ ಬುಟ್ಟಿಗೆ ಸುರಿದು ಒಳಗೆ ಹೋಗಿ ಮತ್ತೊಂದು ಮೊರ ತಂದಳು. ಅಲ್ಲಿಂದ ಮುಂದೆ ತಿಪ್ಪವ್ವ ದನಿ ಎತ್ತಿ ಹಾಡಿದಳು. ತವರಿನಲ್ಲಿ ಕಲಿತ ಹಾಡು ಇನ್ನೂ ತನ್ನೊಳಗೆ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಓಣಿಯ ಕೊನೆಯ ಮನೆಯ ರಮಜಾನಬಿ ಬೆಲ್ಲದ ಹೆಂಟೆ ಕೈಯಲ್ಲೇ ಹಿಡಿದು, “ಇನ್ನೊಮ್ಮೆ ಹಾಡವಾ, ಆಮ್ಯಾಲೆ ಕೊಡ್ತೇನಿ” ಎಂದಳು.

ಅಂದು ರಾತ್ರಿ ದುರಗವ್ವ ಮುಖ ತಿರುಗಿಸಿಕೊಂಡೇ ಉಂಡಳು. ಮರುದಿನ ಬುತ್ತಿ ಕಟ್ಟುವಾಗ ಮಾತ್ರ ಬಂದು ಗುರೆಳ್ಳು ಚಟ್ನಿಯ ಗಂಟು ಇಟ್ಟು, “ಹಳ್ಳದ ದಂಡಿ ಜಾರತೈತಿ, ನೋಡ್ಕೊಂಡು ಇಳೀರಿ” ಎಂದಳು.

ಎರಡನೆಯ ಮಂಗಳವಾರ ಹುಡುಗಿಯರು ಬಾಗಿಲಿಗೆ ಬಂದು ಕರೆದರು. ಸುಶೀಲವ್ವ ಏಳಲಿಲ್ಲ.

“ಯವ್ವಾ, ನಾ ಒಲ್ಲೆ. ನನಗ ನಾಚಿಕಿ ಬರತೈತಿ.”

“ಯಾರರ ಏನರ ಅಂದ್ರೇನು?”

“ಯಾರೂ ಅಂದಿಲ್ಲ. ನನಗ ಸಾಕಾತು. ನೀ ಹೋಗು.”

ತಿಪ್ಪವ್ವ ಮಗಳ ಮುಖವನ್ನೇ ನೋಡಿದಳು. ಅಲ್ಲಿ ದುಃಖವಿರಲಿಲ್ಲ. ಯಾರೂ ತಡೆಯದೆ, ತಾನೇ ಸಾಕೆಂದು ಬಿಟ್ಟಿದ್ದಳು. ಒಂದು ಕ್ಷಣ ಎದೆ ಚುರ್ ಎಂದರೂ ತಿಪ್ಪವ್ವನಿಗೆ ಸಮಾಧಾನವೂ ಆಯಿತು. ಮಗಳು ಹೋಗದ ಮೇಲೆ ತಾನು ಯಾವ ನೆವ ಹೇಳಿ ಹೋಗುವುದು ಎಂದು ಒಲೆಯ ಕಡೆ ತಿರುಗಿದಳು. ಒಲೆಯ ಮುಂದೆ ಆಗಲೇ ದುರಗವ್ವ ಕುಳಿತು ಹಿಟ್ಟು ನಾದುತ್ತಿದ್ದಳು.

“ಹುಡುಗ್ಯಾರು ಕಾಯಾಕತ್ತಾವು. ಹೋಗಿ ಬಾ. ರೊಟ್ಟಿ ನಾ ಬಡೀತೇನಿ,” ಎಂದಳು ತಲೆ ಎತ್ತದೆ.

ತಿಪ್ಪವ್ವ ಮಣೆಯನ್ನು ತಲೆಗೇರಿಸಿಕೊಂಡು ಓಣಿಗೆ ಇಳಿದಳು.