ಕಾಯಿ ಒಡೆದ ಗಾಳಿಕೋವಿ

ನಾನು ಒಂದು ಗಾಳಿಕೋವಿ. ನನಗೆ ಮದ್ದು ಬೇಡ, ಹೊಗೆಯಿಲ್ಲ. ಹೊಟ್ಟೆಯ ಉಕ್ಕಿನ ಕೊಳವೆಯಲ್ಲಿ ಒತ್ತಿ ತುಂಬಿದ ಗಾಳಿಯೇ ನನ್ನ ಬಲ. ಸಾಮಾನ್ಯ ಗಾಳಿಕೋವಿಯ ನಳಿಗೆಯಲ್ಲಿ ಮೆಣಸಿನ ಕಾಳು ತೂರಿದರೆ ನನ್ನದರಲ್ಲಿ ಕಾಫಿ ಬೀಜ ತೂರುತ್ತದೆ. ಉತ್ತರದ ಯಾವುದೋ ಕಾರ್ಖಾನೆಯ ಲೇತಿನ ಮೇಲೆ ಹುಟ್ಟಿದವನು ನಾನು. ಮೈಯಿಂದ ಸುರುಳಿ ಸುರುಳಿಯಾಗಿ ಉಕ್ಕು ಉದುರಿದ್ದೇ ನನ್ನ ಮೊದಲ ನೆನಪು.

ಕೊಡಗಿಗೆ ನನ್ನನ್ನು ತರಿಸಿದವರು ತೋಟದ ಧಣಿ ಉತ್ತಯ್ಯ. ಕೋತಿಗಳನ್ನು ಹೆದರಿಸುವುದು ನನ್ನ ಕೆಲಸ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ವಾಷರು ಸವೆದು ಗಾಳಿ ಸೋರತೊಡಗಿತು. ಔಷಧಿ ಹೊಡೆಯುವ ಹಳೆಯ ಪಂಪುಗಳ ನಡುವೆ ನನ್ನನ್ನು ಎಸೆದರು. ಆ ಪಂಪುಗಳನ್ನು ರಿಪೇರಿಗೆ ಒಯ್ಯಲು ಬಂದ ರಜಾಕನ ಕಣ್ಣಿಗೆ ನಾನು ಬಿದ್ದೆ.

"ಇದೆಂತ ಧಣಿ, ಸತ್ತಿದ್ಯಾ?"

"ತಕೊಂಡು ಹೋಗು ಮಾರಾಯ. ಪರವಾನಗಿ ಮಾತ್ರ ನನ್ನ ಹೆಸರಲ್ಲೇ ಇರ್ತದೆ."

ಎಸೆದ ವಸ್ತುವಿನ ಮೇಲೂ ಹೆಸರು ಬಿಡದವರು ಧಣಿಗಳು.

ರಜಾಕನ ಅಂಗಡಿಯಲ್ಲಿ ನನ್ನನ್ನು ಕಂಡವಳು ಚಿಮ್ಮಿ. ಉತ್ತಯ್ಯನವರ ತೋಟದಲ್ಲೇ ಕೆಲಸ, ಕೂಲಿಯವರ ಲೈನುಮನೆಯಲ್ಲೇ ವಾಸ. ಅವಳ ಸಿಟ್ಟು ಹಳೆಯದು. ಸುಗ್ಗಿಯ ಹಬ್ಬ ಹುತ್ತರಿಯ ಮರುದಿನ ಆ ಊರಲ್ಲಿ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಕಾಯಿ ಒಡೆದು ನೀರು ನೆಲಕ್ಕೆ ಬೀಳಬೇಕು. ಮರ ಹತ್ತಿ ಕಾಯಿ ಕಟ್ಟುವವರು ಲೈನಿನವರು. ಚೂರು ಹೆಕ್ಕುವವರೂ ಅವರೇ. ಕೋವಿ ಇದ್ದವರಿಗೆಲ್ಲ ಸರದಿ ಉಂಟು ಎನ್ನುವುದು ನಿಯಮ. ಲೈನಿನಲ್ಲಿ ಯಾರಿಗೂ ಕೋವಿ ಇಲ್ಲ. ಬಾಗಿಲು ತೆರೆದಿಟ್ಟು ಮೆಟ್ಟಿಲು ಕಿತ್ತ ಹಾಗೆ.

ಪಂದ್ಯದ ಮುಖ್ಯಸ್ಥರೂ ಉತ್ತಯ್ಯನವರೇ. ಚಿಮ್ಮಿ ನನ್ನನ್ನು ಹೊತ್ತು ಅವರ ಅಂಗಳಕ್ಕೆ ಹೋದಳು.

"ಇದು ಕೋವಿ ಹೌದಾ ಅಲ್ವಾ ಧಣಿ?"

ಜಗಲಿಯಲ್ಲಿದ್ದವರು ನಕ್ಕರು. "ಬಲೂನಿಗೆ ಹೌದು," ಎಂದನೊಬ್ಬ.

ಉತ್ತಯ್ಯನವರೂ ನಕ್ಕರು. "ಹೌದು ಅಂತಿಟ್ಕೋ. ಒಂದೇ ಗುಂಡು. ಒಡೀದಿದ್ರೆ ಲೈನಿನವರು ಇನ್ನು ಯಾವತ್ತೂ ಸರದಿ ಕೇಳ್ಬಾರ್ದು."

"ಒಡೆದ್ರೆ?"

"ಲೈನಿನವರೆಲ್ಲ ಸರದಿಗೆ ಬನ್ನಿ."

ಅಂದೇ ರಜಾಕ ನನ್ನ ಮೈ ಬಿಚ್ಚಿದ. ಇಡೀ ಜಿಲ್ಲೆಯಲ್ಲಿ ವಾಲ್ವು ಅರ್ಥವಾಗುವುದು ತನಗೊಬ್ಬನಿಗೇ ಎನ್ನುವ ಬಡಾಯಿಗಾರ. ಆದರೆ ಅವನ ಬೆರಳುಗಳು ಬಡಾಯಿ ಕೊಚ್ಚುತ್ತಿರಲಿಲ್ಲ. ವಾಲ್ವಿನ ಬಾಯಿಯ ಒರಟನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಹೊಸ ವಾಷರು ಕೂರಿಸಿದ. ಬಗೆಬಗೆಯ ತೂಕದ ಗುಂಡು ಹೊಡೆದು, ನನ್ನ ನಳಿಗೆಗೆ ಒಗ್ಗಿದ್ದೊಂದನ್ನು ಆರಿಸಿದ. ನನ್ನೊಳಗೆ ಇಷ್ಟು ಬಲವಿತ್ತೆಂದು ನನಗೇ ತಿಳಿದಿರಲಿಲ್ಲ.

ಪಂದ್ಯದ ಮುನ್ನಾದಿನ ಮುಂಜಾನೆ ಪರೀಕ್ಷೆ. ಚಿಮ್ಮಿ ಬೆರಳಿಂದ ನನ್ನ ಕುದುರೆ ಒತ್ತಿದಳು. ನಾನು ಕೆಮ್ಮಿದೆ, ಗುಂಡು ಅಂಗಳದಲ್ಲೇ ಬಿತ್ತು. ಮತ್ತೆ ಒತ್ತಿದಳು. ಮತ್ತೆ ಕೆಮ್ಮು.

"ಒಳಗೆ ಎಂತ ಹಾಕಿದ್ದೀಯ ಕಾಕ?"

"ತೆಂಗಿನೆಣ್ಣೆ. ಶುದ್ಧದ್ದು. ಸಂಜೆ ನುಣ್ಣಗೆ ಓಡ್ತಿತ್ತು."

"ಈ ಚಳಿಗೆ ನನ್ನ ತಲೆಗೆ ಹಚ್ಚುವ ಎಣ್ಣೆಯೇ ಶೀಶೆಯಲ್ಲಿ ಕಲ್ಲಾಗಿದೆ. ಜಿಲ್ಲೆಗೊಬ್ಬನೇ ಮೆಕ್ಯಾನಿಕ್ಕು, ಅವನಿಗೆ ಚಳಿ ಗೊತ್ತಿಲ್ಲ."

ರಜಾಕ ನನ್ನನ್ನು ಮತ್ತೆ ಬಿಚ್ಚಿದ. ಗಟ್ಟಿಯಾದ ಬಿಳಿ ಎಣ್ಣೆಯನ್ನು ಒರೆಸಿ ತೆಗೆದ. ಮುಖಭಂಗದ ಸೇಡಿಗೆ ಸ್ಪ್ರಿಂಗನ್ನು ಬಿಗಿದೇ ಬಿಗಿದ. ಈಗ ಮೊದಲ ಹೊಡೆತಕ್ಕೇ ಗಾಳಿಯೆಲ್ಲ ಖಾಲಿ, ಗುಂಡು ಗುರಿಯ ಮೇಲಿಂದ ಹಾರಿತು.

"ಜೋರು ಬೇಡ ಕಾಕ, ಹದ ಬೇಕು," ಎಂದಳು ಚಿಮ್ಮಿ. ಅವನು ಬಿಗಿ ಸಡಿಲಿಸುತ್ತ ಹೋದ, ಅವಳು ಹೊಡೆಯುತ್ತ ಹೋದಳು. ಗುಂಡುಗಳು ಒಂದರ ತೂತಿನಲ್ಲೊಂದು ಕೂರುವವರೆಗೆ ಇಬ್ಬರೂ ಗಂಜಿ ಕುಡಿಯಲಿಲ್ಲ.

ಮರುದಿನ ಮೈದಾನದಲ್ಲಿ ಕೋವಿಗಳ ಸದ್ದಿಗೆ ಕಾಗೆಗಳು ಊರು ಬಿಟ್ಟಿದ್ದವು. ಕಾಯಿ ಇನ್ನೂ ತುದಿಯಲ್ಲೇ ಇತ್ತು. ಚಿಮ್ಮಿಯ ಸರದಿ ಬಂತು. ಪರವಾನಗಿಯ ಧಣಿ ಉತ್ತಯ್ಯನವರು ಪಕ್ಕದಲ್ಲೇ ನಿಂತಿದ್ದರು. ಅವಳ ಕೆನ್ನೆ ನನ್ನ ಹಿಡಿಗೆ ತಾಗಿತು. ಬಿಸಿಯಾಗಿತ್ತು.

ಟಪ್ ಎಂದೆ, ಅಷ್ಟೇ. ಯಾರೋ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಕಾಯಿ ಎರಡು ಹೋಳಾಗಿ ನೀರು ಸುರಿಯಿತು.

"ಗಾಳಿಕೋವಿ ಲೆಕ್ಕಕ್ಕಿಲ್ಲ," ಎಂದಿತೊಂದು ದನಿ.

ಉತ್ತಯ್ಯನವರು ಬಗ್ಗಿ ಒದ್ದೆ ನೆಲ ಮುಟ್ಟಿ ನೋಡಿದರು. "ಮಾತು ಕೊಟ್ಟಾಗಿದೆ," ಎಂದರು.

ಚಿಮ್ಮಿ ಬಹುಮಾನದ ಕಡೆ ತಿರುಗಲಿಲ್ಲ. ನನ್ನನ್ನು ಹಿಂದೆ ನಿಂತಿದ್ದ ಲೈನಿನ ಬೊಳ್ಳಿಯ ಕೈಗಿಟ್ಟಳು. "ಹಿಡಿ. ಈಗ ನಿನ್ನ ಸರದಿ." ಬೊಳ್ಳಿಯ ಹಿಂದೆ ಇಡೀ ಲೈನು ಸಾಲುಗಟ್ಟಿತ್ತು. ಮರದ ತುದಿಗೆ ಹೊಸ ಕಾಯಿ ಏರಿತು, ರಜಾಕ ಅಂದು ಸಂಜೆಯವರೆಗೂ ನನಗೆ ಗಾಳಿ ತುಂಬಲು ಪಂಪು ಒತ್ತಿದ. ಅಷ್ಟು ಕೈಗಳಿಗೆ ನಾನೊಬ್ಬನೇ. ಕತ್ತಲಾಗುವ ಮೊದಲು ನನ್ನ ವಾಲ್ವು ಸೀಳಿಹೋಯಿತು.

ಈಗ ರಜಾಕನ ಅಂಗಡಿಯ ಗೋಡೆಗೆ ತೂಗಿದ್ದೇನೆ. ಹೊಟ್ಟೆಯಲ್ಲಿ ಗಾಳಿ ನಿಲ್ಲುವುದಿಲ್ಲ. ಅದರ ಬೇಸರವೂ ಇಲ್ಲ. ಬೇಲಿಯಾಚೆಯ ಕೋತಿಗಳನ್ನು ಹೆದರಿಸಲು ನನ್ನನ್ನು ಕೊಂಡಿದ್ದರು. ಪಂದ್ಯದ ಬೇಲಿಯಾಚೆ ನಿಲ್ಲಿಸಿದ್ದವರೇ ನನ್ನನ್ನು ಹದಗೊಳಿಸಿ ತಮ್ಮವನನ್ನಾಗಿ ಮಾಡಿಕೊಂಡರು. ಹುತ್ತರಿ ಬಂದಾಗ ಇಲ್ಲಿಂದಲೇ ಮೈದಾನ ಕಾಣುತ್ತದೆ. ಕಾಯಿ ಕಟ್ಟಲು ಮರ ಹತ್ತಿದವನು ಈಗ ಇಳಿದು, ಕೈ ಒರೆಸಿಕೊಂಡು, ಹೊಡೆಯುವವರ ಸಾಲಿನಲ್ಲಿ ಎರವಲು ಕೋವಿ ಹಿಡಿದು ನಿಲ್ಲುತ್ತಾನೆ.