ಅರ್ಜಿ ಸಲ್ಲಿಸುವ ಬಟನ್

"ಇಲ್ಲಿಗೆ ಬಂದು ಸುಮ್ಮನಾಗ್ತದ ನೋಡ್ರಿ ಸರ್," ಎಂದು ಸಪ್ನಾ ತನ್ನ ಫೋನನ್ನು ಮೇಜಿನತ್ತ ಚಾಚಿದಳು.

ಶಿವಪ್ರಕಾಶ ಕಿವಿಗೊಟ್ಟ. ಹೆಸರು, ಊರು ನೆಲೋಗಿ, ಬಿ.ಎಡ್. ಅಂಕ, ಎಲ್ಲವನ್ನೂ ಫೋನಿನ ದನಿ ಒಂದೊಂದಾಗಿ ಓದಿತು. ಕೊನೆಯ ಸಾಲು ದಾಟಿದ ಮೇಲೆ ಸದ್ದೇ ಇಲ್ಲ. ಅರ್ಜಿ ಕಳಿಸುವ ಹಸಿರು ಬಟನ್ ಅಲ್ಲೇ ಇತ್ತು. ಆದರೆ ಅದು ಬರೀ ಚಿತ್ರ. ಪುಟದ ಜೊತೆ ಜಾವಾಸ್ಕ್ರಿಪ್ಟ್ ಎಂಬ ಭಾರದ ಕೋಡೂ ಪೂರ್ತಿ ಇಳಿದು ಬಂದರೆ ಮಾತ್ರ ಕೆಲಸ ಮಾಡುತ್ತಿತ್ತು. ನೆಲೋಗಿಯ ನೆಟ್‌ವರ್ಕಿನಲ್ಲಿ ಅದು ಬರುತ್ತಿರಲಿಲ್ಲ. ಬಂದರೂ ಅಲ್ಲೊಂದು ಬಟನ್ ಇದೆಯೆಂದು ಸಪ್ನಾಳಂಥ ಕಣ್ಣಿಲ್ಲದವರಿಗೆ ಫೋನು ಹೇಳುತ್ತಿರಲಿಲ್ಲ. ಅಂಧ ಮಕ್ಕಳ ಶಾಲೆಗೆ ಅಂಧ ಶಿಕ್ಷಕರನ್ನು ಕರೆಯುವ ಪುಟ ಅದು! ಮಾಡಿದ ಪುಣ್ಯಾತ್ಮ ಇವನೇ. ಆಳಂದದ ಈ ಕೋಣೆಯಲ್ಲಿ ಕೂತು, ಎರಡೂ ಕಣ್ಣು ಬಿಟ್ಟುಕೊಂಡು ಪರೀಕ್ಷಿಸಿ ಭೇಷ್ ಎಂದುಕೊಂಡಿದ್ದ.

"ಐದು ದಿನ ಒದ್ದಾಡೀನ್ರಿ. ನಿನ್ನೆ ತಾರೀಖು ಮುಗೀತು. ಒಂದೇ ದಿನ ತಡ ಆಗ್ಯದ, ಹೆಂಗರೆ ಮಾಡಿ ತಗೋರಿ."

"ಬ್ಯಾರೆ ಯಾರ ಕೈಲಿಂದರೆ ಒತ್ತಿಸು ಅಂದ್ರ ಕೇಳಲಿಲ್ರಿ," ಎಂದಳು ತಾಯಿ ಸಾಬವ್ವ. ಇಬ್ಬರೂ ಮುಂಜಾನೆ ಎರಡು ಬಸ್ಸು ಬದಲಿಸಿ ಬಂದಿದ್ದರು.

"ನನ್ನ ಅರ್ಜಿನೇ ಮಂದಿ ಹಾಕಿದ್ರ, ನಾ ಆ ಮಕ್ಕಳಿಗೆ ಏನ್ ಕಲಿಸ್ಲೆವ್ವ?"

ಶಿವಪ್ರಕಾಶ ಹೊರಗೆ ಹೋಗಿ ಶಾಲೆಯ ಕಾರ್ಯದರ್ಶಿ ಬಸವಂತರಾಯರಿಗೆ ಫೋನು ಹಚ್ಚಿದ.

"ಕಣ್ಣಿಲ್ಲದವರ ಅರ್ಜಿ ಒಂದೂ ಬಂದಿಲ್ಲಲ್ಲ. ಮುಂಜಾನೆನೇ ನಮ್ಮ ತಂಗಿ ಮಗನ್ನ ತಗೊಂಡೇವಿ, ಆರ್ಡರೂ ಕೊಟ್ಟಾಯ್ತು," ಎಂದರು ಅವರು.

"ಸರ್, ತಪ್ಪು ನಂದದರಿ."

"ಹಂಗಾರ ಬಾಯಿ ಮುಚ್ಕೊಂಡು ಕೂಡು."

ಒಳಗೆ ಬಂದಾಗ ಸಪ್ನಾ ಅವನ ಹೆಜ್ಜೆಯ ಸಪ್ಪಳದ ಕಡೆಗೆ ಮುಖ ತಿರುಗಿಸಿದಳು, ಸಾಬವ್ವ ಅವನ ಮುಖ ನೋಡಿದಳು. ಹೇಳಿಬಿಡಬೇಕಿತ್ತು. ಹೇಳುವ ಎದೆ ಅವನಿಗಿರಲಿಲ್ಲ.

"ತಗೋತಾರಂತ್ರಿ," ಅಂದುಬಿಟ್ಟ.

ಅಂದ ಮೇಲೆ ತಲೆಯೆತ್ತದೆ ಕೆಲಸಕ್ಕೆ ಕೂತ. ಚಿತ್ರ ಕಿತ್ತುಹಾಕಿದ, ಯಾವ ಸ್ಕ್ರಿಪ್ಟಿನ ಹಂಗೂ ಇಲ್ಲದ ಸಾದಾ ಬಟನ್ ಇಟ್ಟ, ಮುಚ್ಚಿಹೋಗಿದ್ದ ತಾರೀಖನ್ನು ತೆರೆದ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಇಷ್ಟೇ ಕೆಲಸವಾಗಿತ್ತು ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಪ್ನಾ ಪುಟದ ಮೇಲೆ ಬೆರಳಾಡಿಸಿದಳು.

"ಅರ್ಜಿ ಸಲ್ಲಿಸಿ. ಬಟನ್," ಎಂದಿತು ಫೋನು.

ಅವಳು ನಗುತ್ತಲೇ ಎರಡು ಸಲ ತಟ್ಟಿದಳು.

"ನಿಮ್ಮ ಅರ್ಜಿ ತಲುಪಿದೆ. ಅರ್ಜಿ ಸಂಖ್ಯೆ ಒಂದು."

"ಒಂದು ಅಂತದಲ್ಲವ್ವ! ನಿಂದೇ ಮೊದಲ್ದು!" ಸಾಬವ್ವ ಎದ್ದು ಬಂದು ಶಿವಪ್ರಕಾಶನ ಎರಡೂ ಕೈ ಹಿಡಿದುಕೊಂಡಳು.

"ತಡಿಯವ್ವ, ಇನ್ನೊಮ್ಮಿ ಕೇಳ್ತೀನಿ," ಎಂದು ಸಪ್ನಾ ಹಿಗ್ಗಿನಿಂದ ಫೋನನ್ನು ಕಿವಿಗೆ ಹಿಡಿದಳು.