ಐದು ಕುಪ್ಪಸ

ಸುಶೀಲವ್ವ ಹೆಣದ ಕೊರಳಿಗೆ ಹಾರ ಹಾಕಿ ಹಿಂದಕ್ಕೆ ಸರಿಯುತ್ತಿದ್ದಾಗ, ಕಟ್ಟೆಯ ಮೇಲೆ ಕುಳಿತಿದ್ದ ಹೊಳಿಯವ್ವ ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದಳು.

"ಕುಬಸದ ಪೊಲೀಸಪ್ಪ ಹೋದ ನೋಡವಾ. ಈಕಿ ಯಾವ ಮುಖ ಇಟ್ಕೊಂಡ ಬಂದಾಳ?"

ಸುಶೀಲವ್ವನಿಗೆ ಅದು ಕೇಳಿಸಿತು. ಬ್ಯಾಡಗಿಯ ಆ ಓಣಿಯಲ್ಲಿ ಎಂಟು ವರ್ಷಗಳಿಂದ, ಈಗ ಹೆಣವಾಗಿ ಮಲಗಿದ್ದ ಹಾಲಸಿದ್ದಪ್ಪನಿಗೆ ಅದೇ ಹೆಸರು. ಗಂಡನ ತಲೆಯ ಬಳಿ ಕುಳಿತಿದ್ದ ಕರೆವ್ವ ಕಣ್ಣೆತ್ತಲಿಲ್ಲ.

*

ಪೊಲೀಸ್ ಇಲಾಖೆಯಲ್ಲಿ ನಾಯಿ ಪಳಗಿಸುತ್ತಿದ್ದ ಹಾಲಸಿದ್ದಪ್ಪ ನಿವೃತ್ತನಾದಾಗ ಮುದಿ ನಾಯಿ ರಾಣಿಯನ್ನೂ ಮನೆಗೆ ಕರೆತಂದಿದ್ದ. ವಾಸನೆ ಸಿಕ್ಕರೆ ಬೊಗಳದೆ ಕುಳಿತುಬಿಡುವುದು ಅದಕ್ಕೆ ಅವನು ಕಲಿಸಿದ ಪಾಠ. ಪಕ್ಕದ ಮನೆಯ ಸುಶೀಲವ್ವ ಬಂದಾಗಲೆಲ್ಲ ರಾಣಿ ಅವಳ ಎಡ ಎದೆಯತ್ತ ಮೂತಿ ಚಾಚಿ, ಮೂಸಿ, ಕುಳಿತುಬಿಡುತ್ತಿತ್ತು. ಎದೆಯ ಹುಣ್ಣಿನಿಂದ ಸತ್ತ ಅವನ ತಂಗಿಯ ಮುಂದೆಯೂ ಅದು ಹೀಗೆಯೇ ಕುಳಿತಿತ್ತು.

ಅವನು ಕರೆವ್ವನ ಕೈಲಿ ಐವರು ಹೆಂಗಸರು ತೊಟ್ಟು ಬಿಚ್ಚಿದ ಕುಪ್ಪಸ ತರಿಸಿ ಅಂಗಳದಲ್ಲಿ ಸಾಲಾಗಿ ಇಟ್ಟ. ಮೂರು ಸಲ ಜಾಗ ಬದಲಿಸಿದರೂ ರಾಣಿ ಸುಶೀಲವ್ವನದರ ಮುಂದೆಯೇ ಕುಳಿತಿತು. ಅಷ್ಟರಲ್ಲಿ ಅವಳ ಗಂಡ ಮೈಲಪ್ಪ ಬಂದು, ಹೆಂಡತಿಯ ಕುಪ್ಪಸ ಕಂಡು, ಓಣಿಯವರ ಎದುರೇ ಹಾಲಸಿದ್ದಪ್ಪನ ಕೆನ್ನೆಗೆ ಹೊಡೆದ.

"ಹೊಡಿ ತಮ್ಮಾ," ಎಂದ ಹಾಲಸಿದ್ದಪ್ಪ, ಅವನಿಗಷ್ಟೇ ಕೇಳುವಂತೆ. "ಆದ್ರ ಲಗೂನ ಆಕಿನ್ನ ಹುಬ್ಬಳ್ಳಿ ದವಾಖಾನಿಗೆ ಕರ್ಕೊಂಡ ಹೋಗು."

ಮೈಲಪ್ಪ ಒಯ್ಯಲಿಲ್ಲ, ಕರೆವ್ವ ಒಯ್ದಳು. ಕಡಲೆಕಾಳಿನಷ್ಟು ಗಂಟು. ಡಾಕ್ಟರು ಒಂದು ಮೊಲೆ ತೆಗೆದು ಜೀವ ಉಳಿಸಿದರು. ಹೊಟ್ಟೆಯ ಆಪರೇಷನ್ ಎಂದು ಮೈಲಪ್ಪ ಓಣಿಗೆಲ್ಲ ಹೇಳಿದ. ನಾಚಿಕೆಗೆ ಸುಶೀಲವ್ವನೂ ಬಾಯಿ ಬಿಡಲಿಲ್ಲ. ಅವಳಿಗೂ ಹಾಲಸಿದ್ದಪ್ಪನಿಗೂ ಸಂಬಂಧವಿದೆ ಎಂದು ಆಡಿಕೊಂಡ ಓಣಿ ಅವನಿಗೆ ಕುಬಸದ ಪೊಲೀಸಪ್ಪ ಎಂದು ಹೆಸರಿಟ್ಟಿತು.

"ಖರೇ ಏನಂತ ನೀವರೆ ಹೇಳಬಾರದ?" ಎಂದು ಕರೆವ್ವ ಅತ್ತಾಗ ಹಾಲಸಿದ್ದಪ್ಪ, "ಅದು ಆಕಿ ಮೈಯಿಂದು. ಹೇಳಾಕ ನಾ ಯಾರು?" ಎಂದಿದ್ದ.

*

ಸುಶೀಲವ್ವ ತಿರುಗಿ ಕಟ್ಟೆಯ ಬಳಿಗೆ ಬಂದಳು.

"ಅಕ್ಕಾ, ಆ ಕುಬಸ ನಾನ ಕೊಟ್ಟಿದ್ದೆ. ನನ್ನ ಎದಿಯೊಳಗ ಕ್ಯಾನ್ಸರ್ ಗಂಟಿತ್ತು. ಇವರ ನಾಯಿ ಮೂಸಿ ಹಿಡೀತು."

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಮೈಲಪ್ಪ, "ಏ, ಸಾಕ ಬಾ," ಎಂದ.

"ಎಂಟ ವರ್ಷ ಸಾಕಾತು. ಇವರು ಹೊಡ್ತ ತಿಂದ್ರು, ಹೆಸರ ಕೆಡಿಸ್ಕೊಂಡ್ರು. ನಾ ಉಳದೆ."

ಬೆಳಗಿನಿಂದ ಕಲ್ಲಿನಂತೆ ಕುಳಿತಿದ್ದ ಕರೆವ್ವ ಬಾಯಿಬಿಟ್ಟು ಅತ್ತಳು.

ಹೆಣ ಎತ್ತಿಕೊಂಡು ಗಂಡಸರು ಓಣಿ ದಾಟಿದರು. ಮೈಲಪ್ಪ ಮುಂದಿನ ಹೆಗಲು ಕೊಟ್ಟಿದ್ದ. ಹೆಂಗಸರು ಅಂಗಳ ತೊಳೆಯತೊಡಗಿದರು. ಹೊಳಿಯವ್ವ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಸುಶೀಲವ್ವ ಹತ್ತಿರ ಬಂದಾಗ ಅವಳ ಸೆರಗು ಹಿಡಿದು ಜಗ್ಗಿದಳು.

"ತಂಗೀ... ಆ ಗಂಟು ನೋಯ್ತಿತ್ತೇನ?"

"ಇಲ್ಲಕ್ಕಾ. ಒಂಚೂರೂ ನೋಯ್ತಿರ್ಲಿಲ್ಲ."

ಹೊಳಿಯವ್ವನ ಬಲಗೈ ತನ್ನ ಸೆರಗಿನೊಳಗೆ ಹೋಗಿ ಎದೆಯ ಮೇಲೆ ನಿಂತಿತು. ಸುಶೀಲವ್ವ ಅವಳನ್ನು ಎಬ್ಬಿಸಿ, ಒಳಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲ ಅಗುಳಿ ಹಾಕಿದಳು.